ಕಂಪಿನ ಕಳವು

ಬೇರೆಯವರು ತೆಗೆದ ಚಿತ್ರವನ್ನು ಕೇಳದೆ ಬಳಸಿಕೊಂಡರೆ ಅದು ಕಳವೇ? ಹಸುವನ್ನು ಕದ್ದರೆ ಕೊಟ್ಟಿಗೆ ಬರಿದಾಗುತ್ತದೆ. ಚಿತ್ರವನ್ನು ನಕಲು ಮಾಡಿದರೆ ಮೂಲ ಇದ್ದಲ್ಲೇ ಇರುತ್ತದೆ. ಯಾರೂ ಏನೂ ಕಳೆದುಕೊಳ್ಳದ ಮೇಲೆ ಕದ್ದದ್ದಾದರೂ ಏನು ಎಂಬ ವಾದ ಹುಟ್ಟುವುದು ಇಲ್ಲಿಂದ. ಕ್ಯಾಮೆರಾ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಬೌದ್ಧರೂ ಜೈನರೂ ಈ ವಾದಕ್ಕೆ ಮುಖಾಮುಖಿಯಾಗಿದ್ದರು.

ಬೌದ್ಧರ ಪಾಲಿ ಗ್ರಂಥ ಸಂಯುತ್ತ ನಿಕಾಯದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಕೋಸಲದ ಕಾಡಿನಲ್ಲಿದ್ದ ಭಿಕ್ಷುವೊಬ್ಬ ಊಟ ಮುಗಿಸಿ ಬಂದು, ಕೊಳಕ್ಕಿಳಿದು, ತಾವರೆಯ ಕಂಪನ್ನು ಮೂಸುತ್ತಾನೆ. ಕಾಡಿನ ದೇವತೆ ಅವನನ್ನು ಕಂಪಿನ ಕಳ್ಳ ಎನ್ನುತ್ತದೆ. ತಾನು ಹೂವನ್ನು ಕೀಳಲಿಲ್ಲ, ಮುರಿಯಲಿಲ್ಲ, ದೂರದಿಂದ ಮೂಸಿದೆ ಅಷ್ಟೆ; ದಂಟು ಅಗೆದು ಹೂ ಕಿತ್ತೊಯ್ಯುವವರನ್ನು ಬಿಟ್ಟು ತನ್ನನ್ನೇಕೆ ಹಿಡಿದದ್ದು ಎಂದು ಭಿಕ್ಷು ಕೇಳುತ್ತಾನೆ. ಅಂಥವರಿಗೆ ಹೇಳುವುದೇನೂ ಇಲ್ಲ, ಶುದ್ಧಿಯನ್ನು ಅರಸುವವನಿಗೆ ಕೂದಲ ತುದಿಯಷ್ಟು ದೋಷವೂ ಮೋಡದಷ್ಟಾಗಿ ಕಾಣುತ್ತದೆ ಎನ್ನುವುದು ದೇವತೆಯ ಉತ್ತರ. ದೇವತೆಯದು ಕೊಂಚ ಅತಿಯಾಯಿತು ಎನ್ನಿಸದಿರದು. ಆದರೆ ಹೂವಿಗೆ ನಷ್ಟವಾಯಿತೆಂದು ಅದು ಎಲ್ಲೂ ದೂರುವುದಿಲ್ಲ; ಕೊಡದೆ ಇದ್ದುದನ್ನು ತೆಗೆದುಕೊಂಡೆ ಎನ್ನುವುದಷ್ಟೇ ಅದರ ಆಕ್ಷೇಪ.

ಜೈನ ಆಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರವೂ ಕಳವನ್ನು 'ಅದತ್ತಾದಾನ', ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಎಂದೇ ಗುರುತಿಸುತ್ತದೆ. ಕಳೆದುಕೊಂಡವನ ಲೆಕ್ಕಕ್ಕೆ ಅದು ಹೋಗುವುದೇ ಇಲ್ಲ. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದನನ್ನು ಶ್ರವಣಬೆಳಗೊಳದ ಶಾಸನಗಳು ಕೊಂಡಾಡುತ್ತವೆ. ಅವನು ಒಂದು ತುಂಟ ಪ್ರಶ್ನೆಯನ್ನು ತಾನೇ ಎತ್ತಿಕೊಳ್ಳುತ್ತಾನೆ: ಊರಿನ ಬೀದಿಯಲ್ಲಿ ನಡೆಯುವ, ಊರಬಾಗಿಲನ್ನು ದಾಟುವ ಮುನಿಗೆ ಅದನ್ನು ಯಾರೂ ಕೈಯೆತ್ತಿ ಕೊಟ್ಟಿಲ್ಲವಲ್ಲ, ಅದೂ ಕಳವಾಗಬೇಡವೇ? ಆಗುವುದಿಲ್ಲ, ಏಕೆಂದರೆ ಬೀದಿ ಎಲ್ಲರಿಗೂ ಬಿಟ್ಟದ್ದು. ಮುಚ್ಚಿದ ಬಾಗಿಲನ್ನು ಮಾತ್ರ ಮುನಿ ದೂಡಿಕೊಂಡು ಹೋಗುವುದಿಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟ ಚಿತ್ರ, ಹಕ್ಕಿನ ಅವಧಿ ತೀರಿದ ಚಿತ್ರ ಬೀದಿಯಂತೆ. ಕಣ್ಣಿಗೆ ಬಿದ್ದದ್ದೆಲ್ಲ ಬೀದಿಯಲ್ಲ: ತೆರೆದ ಕಿಟಕಿಯಿಂದ ಕಾಣುವ ಹಜಾರ ದಾರಿಹೋಕನದಾಗುವುದಿಲ್ಲ.

ತತ್ತ್ವಾರ್ಥಸೂತ್ರವೇ ಕದಿಯದಿರುವ ಅಚೌರ್ಯ ವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಹೇಳುತ್ತದೆ. ಅವುಗಳಲ್ಲಿ ಒಂದು, ಇನ್ನೊಬ್ಬ ಕದ್ದು ತಂದುದನ್ನು ಇಸಿದುಕೊಳ್ಳುವುದು. ವಾಟ್ಸಾಪಿನಲ್ಲಿ ಬಂತು, ಯಾರು ತೆಗೆದದ್ದೋ ಗೊತ್ತಿಲ್ಲ ಎನ್ನುವ ಸಮಜಾಯಿಷಿಗೆ ಅಲ್ಲಿ ಆಸರೆ ಸಿಗುವುದಿಲ್ಲ.

ಹೆಸರು ಹಾಕಿದರೆ ಸಾಲದೇ ಎಂಬುದು ಬೇರೆಯೇ ಪ್ರಶ್ನೆ. ಚಿತ್ರದ ಕೆಳಗೆ 'ಚಿತ್ರಕೃಪೆ: ಅಂತರ್ಜಾಲ' ಎಂದು ಬರೆಯುವ ರೂಢಿಯಿದೆ, ಮಾವು ಕಿತ್ತು ತಂದು, ತೋಟದವನನ್ನು ಬಿಟ್ಟು ದಾರಿಗೆ ಕೈಮುಗಿದ ಹಾಗೆ. ಛಾಯಾಗ್ರಾಹಕರ ಹೆಸರನ್ನೇ ಹಾಕಿದರೂ ಅದು ಉಪಕಾರಸ್ಮರಣೆಯಾಗುತ್ತದೆ, ಅನುಮತಿಯಾಗುವುದಿಲ್ಲ. ಬಹುಪಾಲು ಜಗಳ ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಅನುಮತಿಯೂ ಇಲ್ಲದೆ, ಹೆಸರೂ ಹೇಳದೆ ತೆಗೆದುಕೊಳ್ಳುವವರ ಮನಸ್ಸನ್ನು ಸಂಸ್ಕೃತ ಕವಿ ರಾಜಶೇಖರನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಅವನ ಕಾವ್ಯಮೀಮಾಂಸೆಯಲ್ಲಿ ಪರರ ಶಬ್ದವನ್ನೂ ಅರ್ಥವನ್ನೂ ಎತ್ತಿಕೊಳ್ಳುವ ಬಗೆಗಳಿಗೇ ಅಧ್ಯಾಯಗಳಿವೆ. ಬೇರೆ ಕಳವಿನ ಅಪವಾದ ಕಾಲ ಸರಿದಂತೆ ಅಳಿಯುತ್ತದೆ, ಮಾತಿನ ಕಳವಿನದು ಮೊಮ್ಮಕ್ಕಳ ಕಾಲಕ್ಕೂ ಅಳಿಯದು ಎಂಬುದು ಹಿಂದಿನ ಆಚಾರ್ಯರ ಅಭಿಪ್ರಾಯ. ರಾಜಶೇಖರನ ಹೆಂಡತಿ ಅವಂತಿಸುಂದರಿ ಇದನ್ನು ಒಪ್ಪುವುದಿಲ್ಲ. ಎತ್ತಿಕೊಳ್ಳುವವನು ಹೇಳಿಕೊಳ್ಳುವ ಕಾರಣಗಳನ್ನು ಆಕೆ ಸಾಲಾಗಿ ಇಡುತ್ತಾಳೆ: ಅವನಿಗೆ ಹೆಸರಿಲ್ಲ, ನನಗಿದೆ, ಅವನ ಮಾತು ಅಮೃತಬಳ್ಳಿಯಂತೆ ಕಹಿ, ನನ್ನದು ದ್ರಾಕ್ಷಿ, ಬರೆದವನು ದೂರದೇಶದವನು. ಇಂದಿಗೂ ಕೇಳಿಬರುವುದು ಇವೇ ನೆಪಗಳು, ಕವಿಯ ಬದಲು ಛಾಯಾಗ್ರಾಹಕನಿದ್ದಾನೆ ಅಷ್ಟೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಹೆಸರನ್ನು ಅನುಮತಿಯಿಂದ ಬೇರೆಯಾಗಿಯೇ ಇರಿಸಿದೆ. ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ವಿಶೇಷ ಹಕ್ಕು 57ನೇ ಕಲಮಿನಂತೆ ಕರ್ತೃವಿಗೆ ಉಳಿಯುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆಂದು ಮಾಡಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಗೋಡೆಯಿಂದ ಕಿತ್ತು ಉಗ್ರಾಣಕ್ಕೆ ಹಾಕಲಾಗಿತ್ತು. ಅದರ ಒಡೆತನ ಸರ್ಕಾರದ್ದೇ ಆಗಿದ್ದರೂ ದೆಹಲಿ ಹೈಕೋರ್ಟು 2005ರಲ್ಲಿ ಶಿಲ್ಪವನ್ನು ಅವರಿಗೆ ಹಿಂದಿರುಗಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು.

ಬೇಲೂರಿನ ಮದನಿಕೆಯರ ಶಿಲ್ಪಗಳಿಗೆ ಈಗ ಯಾರ ಹಕ್ಕಿನ ತಡೆಯೂ ಇಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಅಲ್ಲಿ ಕಲ್ಲಿನಲ್ಲೇ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಆದರೆ ಆ ಶಿಲ್ಪಗಳ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರದು. 2012ರ ತಿದ್ದುಪಡಿಯ ನಂತರ ಅದು ಅವರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಇರುತ್ತದೆ. ಮೂಲೆಯಲ್ಲಿದ್ದ ಅವರ ಹೆಸರನ್ನು ಕತ್ತರಿಸಿ ಅದೇ ಚಿತ್ರವನ್ನು ಹಂಚುವವರು, ದಾಸೋಜನ ಹೆಸರನ್ನು ಮಾತ್ರ ಅಕ್ಕರೆಯಿಂದ ಕೆಳಗೆ ಬರೆದಿರುತ್ತಾರೆ.