ಬೆಂಕಿಯಿಲ್ಲದ ಶುದ್ಧಿಯೂ ಶ್ರಾವಕನ ಸಂಯಮವೂ

ಹಣ್ಣಿನ ರಸವು ಕೆಡುವುದು ಬಹುಮಟ್ಟಿಗೆ ಸೂಕ್ಷ್ಮಜೀವಿಗಳಿಂದ. ಕಾಯಿಸಿ ಅವನ್ನು ನಾಶಮಾಡುವ ಕ್ರಮವು ಲೂಯಿ ಪಾಶ್ಚರನ ಕಾಲದಿಂದ ರೂಢಿಯಲ್ಲಿದೆ. ಈಗ ಕಾಯಿಸದೆ ಕಾಪಾಡುವ ವಿಧಾನಗಳೂ ಬಂದಿವೆ. 1950ರಲ್ಲಿ ಚೆಲುವಾಂಬಾ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಆರಂಭವಾದ ಮೈಸೂರಿನಲ್ಲಿ, ಜೈನ ಗೃಹಸ್ಥನಿಗೆ ಒಂದು ಪ್ರಶ್ನೆ ಏಳುವುದು ಸಹಜ: ಬೆಂಕಿಯನ್ನು ಬಿಟ್ಟ ಮಾತ್ರಕ್ಕೆ ಹಿಂಸೆಯೂ ಬಿಟ್ಟುಹೋಯಿತೆ?

ಈ ವಿಧಾನಗಳೆಲ್ಲವೂ ಒಂದೇ ಬಗೆಯವಲ್ಲ. ವಾಯುಮಂಡಲದ ಒತ್ತಡದ ಸುಮಾರು 6,000 ಪಟ್ಟು ಒತ್ತಡವನ್ನು ಹೇರಿ, ಇಲ್ಲವೇ ವಿದ್ಯುತ್ತಿನ ಕ್ಷಣಿಕ ಸ್ಪಂದನಗಳನ್ನು ಹಾಯಿಸಿ ಜೀವಾಣುಗಳನ್ನು ನಾಶಮಾಡುವುದುಂಟು. ಅಲ್ಲಿ ಬೆಂಕಿಯಿಲ್ಲ, ವಧೆಯುಂಟು. ಮತ್ತೊಂದು ಸೋಸುವ ವಿಧಾನ. ತಿಳಿಯಾದ ರಸವನ್ನು 0.2 ಮೈಕ್ರಾನಿನಷ್ಟು ಸೂಕ್ಷ್ಮ ರಂಧ್ರಗಳುಳ್ಳ ಪೊರೆಯಲ್ಲಿ ಹಾಯಿಸಿದರೆ ಯೀಸ್ಟೂ ಬ್ಯಾಕ್ಟೀರಿಯಗಳೂ ಹಿಂದೆ ಉಳಿಯುತ್ತವೆ.

ಇದು ನಮ್ಮ ಮನೆಗಳಲ್ಲಿ ನೀರು ಸೋಸುವ ಆಚಾರವನ್ನು ನೆನಪಿಗೆ ತರುತ್ತದೆ. ಆದರೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲಗೆ ಮರಳಿಸಿದಾಗಲೇ ಆ ಆಚಾರ ಪೂರ್ಣವಾಗುತ್ತದೆ. ಕಾರ್ಖಾನೆಯ ಪೊರೆಯನ್ನಾದರೋ ಕ್ಷಾರಾದಿಗಳಿಂದ ತೊಳೆಯುತ್ತಾರೆ. ಬೇರ್ಪಡಿಸಿದ ಮಾತ್ರಕ್ಕೆ ದಯೆಯಾಗದು. ಬೇರ್ಪಟ್ಟ ಜೀವದ ಗತಿಯೇನೆಂದು ವಿಚಾರಿಸುವುದು ದಯೆ.

ಹಾಗೆಂದು ಬೆಂಕಿಯೇ ದೋಷವೆನ್ನಲಾಗದು. ಸೋಸಿದ ನೀರಿಗೆ ಎರಡು ಗಳಿಗೆಯ ಮರ್ಯಾದೆಯಾದರೆ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಮತ್ತೆ ಮತ್ತೆ ಜೀವೋತ್ಪತ್ತಿಯಾಗದಿರಲೆಂದು ಹಿರಿಯರು ಕುದಿಸುವುದನ್ನು ಒಪ್ಪಿದರು. ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ಗೃಹಸ್ಥನಿಗೂ ಅಡಿಗೆಯ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು. ಅದನ್ನು ಯತ್ನಾಚಾರದಿಂದ ಕಡಿಮೆ ಮಾಡಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಘಾತದೊಡನೆ ಪ್ರಮಾದವನ್ನೂ ಸೇರಿಸಿರುವುದು ಇಲ್ಲಿ ಮನನೀಯ.

ಹಾಗಾದರೆ ಪ್ರಮಾದವೆಲ್ಲಿದೆ? ಆಗತಾನೆ ಹಿಂಡಿದ ಮೋಸಂಬಿಯ ರಸವನ್ನು ಆ ಹೊತ್ತಿಗೇ ಕುಡಿದರೆ ಜೀವಾಣುಗಳನ್ನು ಕೊಲ್ಲುವ ಅಗತ್ಯವೂ ಇಲ್ಲ, ತೆಗೆಯುವ ಅಗತ್ಯವೂ ಇಲ್ಲ. ತಿಂಗಳುಗಟ್ಟಲೆ ಇರಿಸಬೇಕೆಂದಾಗಲೇ ಈ ಉಪಾಯಗಳೆಲ್ಲ ಬೇಕಾಗುವುವು. ಬೆಳೆದ ಹಣ್ಣು ಕೊಳೆತು ರೈತನು ನಷ್ಟಪಡಬಾರದು, ದೂರದ ರೋಗಿಗೂ ರಸ ದೊರೆಯಬೇಕು ಎಂಬ ವಿಜ್ಞಾನಿಯ ಶ್ರಮ ಗೌರವಾರ್ಹವೇ. ಆದರೆ ಹಣ್ಣಿನಂಗಡಿ ಬೀದಿಯಲ್ಲೇ ಇರುವಾಗ, ನಾಲಿಗೆಯ ಚಾಪಲ್ಯಕ್ಕಾಗಿ ಸಂಗ್ರಹಿಸುವವನು ಆ ಸಮಾಧಾನವನ್ನು ತನಗೆ ಹೇಳಿಕೊಳ್ಳಲಾರನು.

ಆದುದರಿಂದ ಉಪವಾಸದ ಪಾರಣೆಗೆ ರಸವನ್ನು ತರುವಾಗ, ಕಾಯಿಸಿದ್ದೋ ಸೋಸಿದ್ದೋ ಎಂಬುದಕ್ಕಿಂತ ಮೊದಲು, ಎಷ್ಟು ಬೇಕು, ಎಷ್ಟು ಹೊತ್ತಿಗೆ ಬೇಕು ಎಂದು ಕೇಳಿಕೊಳ್ಳುವುದು ಯುಕ್ತ. ಭೋಗೋಪಭೋಗ ಪರಿಮಾಣ ವ್ರತದ ಅಭ್ಯಾಸವು ಈ ಸಣ್ಣ ಪ್ರಶ್ನೆಯಿಂದಲೇ ಮೊದಲಾಗುತ್ತದೆ.