ಅತಿಭಾರದ ಹೊಣೆ ಯಾರದು?

ಗೃಹಸ್ಥನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಬೆನ್ನಿಗೆ ಮಿತಿಮೀರಿ ಹೇರಿದವನು ತಾನು ಹೇರಿದ್ದನ್ನು ಕಣ್ಣಾರೆ ಕಾಣುತ್ತಾನೆ. ಇಂದಿನ ಕಚೇರಿಯಲ್ಲಿ ಹೇರುವ ಕೈಗಳು ಹಲವು. ಹೊರೆಯು ಯಾರ ಕಣ್ಣಿಗೂ ಇಡಿಯಾಗಿ ಬೀಳದು.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಂತಹ ತಂತ್ರಾಂಶದಲ್ಲಿ ಒಬ್ಬ ನೌಕರನ ಪೂರ್ಣ ದುಡಿಮೆಯನ್ನು ಶೇಕಡಾ 100 ಎಂದು ಎಣಿಸುತ್ತಾರೆ. ಇಬ್ಬರು ವ್ಯವಸ್ಥಾಪಕರು ತಂತಮ್ಮ ಕಡತದಲ್ಲಿ ಒಂದೇ ವಾರಕ್ಕೆ ಅವನ ಶೇಕಡಾ 60ರಷ್ಟನ್ನು ಬರೆದುಕೊಂಡರೆ ಎರಡೂ ಕಡತಗಳು ನಿರ್ದೋಷವಾಗಿಯೇ ತೋರುತ್ತವೆ. ಎಲ್ಲ ಯೋಜನೆಗಳೂ ಒಂದೇ ಸಿಬ್ಬಂದಿ ಪಟ್ಟಿಗೆ ಜೋಡಣೆಯಾದಾಗ ಮಾತ್ರ 120 ಬೆಳಕಿಗೆ ಬಂದು ಅವನ ಹೆಸರು ಕೆಂಪಾಗುತ್ತದೆ. ಹಾಗಾದರೆ ದೋಷ ಯಾರದು? ತಿಳಿಯದೆ ಹೇರಿದೆನೆಂಬ ಸಮಾಧಾನ ಇಬ್ಬರಿಗೂ ಉಂಟು. ಆದರೆ ತಿಳಿಯುವ ಸಾಧನವಿದ್ದೂ ನೋಡದಿರುವುದು ಅಜ್ಞಾನವಲ್ಲ, ಪ್ರಮಾದ. ಪ್ರಮಾದವೇ ಹಿಂಸೆಯ ಬಾಗಿಲು.

ಕೆಂಪನ್ನು ಅಳಿಸಲು ಯಂತ್ರವೇ ಕೆಲಸಗಳನ್ನು ಮುಂದೂಡಬಲ್ಲದು. ಪ್ರತಿ ಕೆಲಸಕ್ಕೂ 0ಯಿಂದ 1000ದವರೆಗೆ ಆದ್ಯತೆಯ ಅಂಕವುಂಟು. 1000 ಇತ್ತ ಕೆಲಸವನ್ನು ಅದು ಮುಂದೂಡದು. ತನ್ನ ಕೆಲಸಗಳಿಗೆಲ್ಲ 1000 ಬರೆದುಕೊಳ್ಳುವವನು ವಿಳಂಬವನ್ನು ನೆರೆಯವನ ಯೋಜನೆಗೆ ತಳ್ಳುತ್ತಾನೆ. ಎಲ್ಲರೂ ಹಾಗೆಯೇ ಬರೆದರೆ ಮುಂದೂಡಲು ಏನೂ ಉಳಿಯದೆ, ಹೊರೆಯು ನೌಕರನ ನಿದ್ರೆಯ ಮೇಲೆ ಬೀಳುತ್ತದೆ.

ಯಂತ್ರವು ಲೆಕ್ಕವನ್ನು ತೋರಿಸೀತು; ತನ್ನ ಗಡುವನ್ನು ಬಿಟ್ಟುಕೊಡುವ ಸಂಯಮವನ್ನು ಅದು ಕಲಿಸದು. ಗಿರಾಕಿಯ ಮುಂದೆ ನಿಂತು ‘ಎರಡು ವಾರ ತಡವಾಗುತ್ತದೆ’ ಎಂದು ಹೇಳುವ ಸಂಕೋಚವನ್ನು ಯಾವ ವ್ಯವಸ್ಥಾಪಕನು ತಾನೇ ಹೊರುವನೋ, ಅವನೇ ಇನ್ನೊಬ್ಬರ ಭಾರವನ್ನು ನಿಜವಾಗಿ ಇಳಿಸಿದವನು.