ಯಂತ್ರಕ್ಕೆಂದು ಬರೆದ ಸತ್ಯ

ಕಳೆದ ತಿಂಗಳು ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬಿ.ಎ. ತರಗತಿಯಲ್ಲಿ ಒಳ್ಳೆಯ ಪ್ರಬಂಧಗಳನ್ನು ಬರೆಯುತ್ತಿದ್ದ ಹುಡುಗಿ. ಈಗ ಬೆಂಗಳೂರಿನ ಒಂದು ಕಂಪೆನಿಯಲ್ಲಿದ್ದಾಳೆ. ತಮ್ಮನ ಓದು, ತಾಯಿಯ ಔಷಧಿ ಎರಡೂ ಅವಳ ಸಂಬಳದಿಂದಲೇ ನಡೆಯಬೇಕು. “ಏನು ಕೆಲಸವಮ್ಮಾ?” ಎಂದು ಕೇಳಿದೆ. “ಬರೆಯುವ ಕೆಲಸವೇ ಸಾರ್. ಆದರೆ ಓದುವವರು ಮನುಷ್ಯರಲ್ಲ” ಎಂದಳು.

ನಾನು ನಕ್ಕುಬಿಟ್ಟೆ. ನಮ್ಮಂಥ ಅಧ್ಯಾಪಕರು ಬರೆದದ್ದನ್ನು ಮನುಷ್ಯರೂ ಓದುವುದಿಲ್ಲ, ಯಂತ್ರಗಳೂ ಓದುವುದಿಲ್ಲ. ಅವಳ ಸ್ಥಿತಿಯೇ ವಾಸಿ. ಆದರೆ ಅವಳು ನಗಲಿಲ್ಲ.

ಅವಳ ಕೆಲಸ ಇಂಥದು. ಅಮೆರಿಕದ ವಕೀಲರ ಸಂಸ್ಥೆಗಳಿಗೆ ಜಾಲತಾಣದ ಪುಟಗಳನ್ನು ಬರೆದುಕೊಡಬೇಕು. ಮೊದಲು ಇಂಥ ಪುಟಗಳ ಗುರಿ ಗೂಗಲ್ ಪಟ್ಟಿಯಲ್ಲಿ ಮೇಲೆ ಬರುವುದಾಗಿತ್ತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. 2024ರ ಮೇ ತಿಂಗಳಲ್ಲಿ ಗೂಗಲ್ ಕೂಡ ಅಮೆರಿಕದಲ್ಲಿ ಪಟ್ಟಿಯ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆಯ ಉತ್ತರವನ್ನು ಇರಿಸತೊಡಗಿತು. ಈಗ ಕೇಳುವವನು ಪಟ್ಟಿಯನ್ನು ನೋಡುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ಯಂತ್ರವೇ ಹತ್ತಾರು ಪುಟಗಳನ್ನು ತಿರುವಿ, ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಆಯ್ದು, ಉತ್ತರವನ್ನು ಹೆಣೆದು, ಎರಡು ಮೂರು ಹೆಸರುಗಳನ್ನು ಕೆಳಗೆ ಕಾಣಿಸುತ್ತದೆ. ಆ ಎರಡು ಮೂರರಲ್ಲಿ ತನ್ನ ಕಕ್ಷಿಯ ಹೆಸರು ಬರುವಂತೆ ಬರೆಯುವುದೇ ಈ ಹುಡುಗಿಯ ಉದ್ಯೋಗ.

ಅದಕ್ಕೊಂದು ಕ್ರಮವಿದೆ. ಕಷ್ಟದಲ್ಲಿರುವವನು ಕೇಳುವ ಮಾತೇ ಶೀರ್ಷಿಕೆಯಾಗಬೇಕು: ‘ಟೆಕ್ಸಾಸಿನಲ್ಲಿ ಅಪಘಾತವಾದ ಮೇಲೆ ಎಷ್ಟು ಕಾಲದೊಳಗೆ ದಾವೆ ಹೂಡಬೇಕು?’ ಉತ್ತರ ಮೊದಲ ವಾಕ್ಯದಲ್ಲೇ ಬರಬೇಕು: ‘ಸಾಮಾನ್ಯವಾಗಿ 2 ವರ್ಷದೊಳಗೆ.’ ವಕೀಲರ ಹೆಸರು, ವಿಳಾಸ, ಸನ್ನದು ಪಡೆದ ವರ್ಷ ಎಲ್ಲ ಕಡೆಯೂ ಒಂದೇ ತೆರನಾಗಿರಬೇಕು. ಪುಟದ ಹಿಂದೆ, ಮನುಷ್ಯರ ಕಣ್ಣಿಗೆ ಬೀಳದ ಹಾಗೆ, ‘ಇದು ವಕೀಲರ ಕಚೇರಿ, ಇದು ಪ್ರಶ್ನೆ, ಇದು ಉತ್ತರ’ ಎಂದು ಯಂತ್ರಕ್ಕೆ ತಿಳಿಯುವ ಚೀಟಿಗಳನ್ನು ಅಂಟಿಸಬೇಕು.

“ನಾನು ಬರೆಯುವುದರಲ್ಲಿ ಒಂದು ಸುಳ್ಳೂ ಇಲ್ಲ ಸಾರ್. ಪ್ರತಿಯೊಂದನ್ನೂ ಅಲ್ಲಿಯ ಕಾನೂನು ನೋಡಿಯೇ ಬರೆಯುತ್ತೇನೆ. ಆದರೂ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತೆ. ಯಾಕೆ?”

ಕೂಡಲೆ ಉತ್ತರ ಹೊಳೆಯಲಿಲ್ಲ. ಸುಳ್ಳು ತಪ್ಪೆಂದು ಹೇಳುವುದು ಸುಲಭ. ನಿಜವನ್ನೇ ಹೇಳಿ ತಪ್ಪು ಮಾಡಬಹುದೆ?

ನನಗೆ ನೆನಪಾದದ್ದು ನಮ್ಮ ತಂದೆ. ಅವರು ತುಮಕೂರಿನಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದರು. ಆ ಕಚೇರಿಯ ಬಾಗಿಲಲ್ಲಿ ಮೊಳದುದ್ದದ ಒಂದು ಬೋರ್ಡು: ಹೆಸರು, ಪದವಿ, ‘ವಕೀಲರು’, ಅಷ್ಟೆ. ಅದಕ್ಕಿಂತ ಹೆಚ್ಚು ಬರೆಸಲು ಅವರಿಗೆ ಅಧಿಕಾರವೇ ಇರಲಿಲ್ಲ. ನಮ್ಮ ವಕೀಲರ ಪರಿಷತ್ತಿನ 36ನೆಯ ನಿಯಮದ ಪ್ರಕಾರ ವಕೀಲ ಜಾಹೀರಾತು ಕೊಡಕೂಡದು. ನಾಮಫಲಕ ಮಿತವಾದ ಅಳತೆಯದಾಗಿರಬೇಕು. ಇಂಥ ಬಗೆಯ ಮೊಕದ್ದಮೆಗಳಲ್ಲಿ ತಾನು ವಿಶೇಷ ಪರಿಣತನೆಂದು ಅದು ಸೂಚಿಸಲೂ ಕೂಡದು. 2008ರಲ್ಲಿ ಮಾತ್ರ ಸ್ವಲ್ಪ ಸಡಿಲಿಸಿ, ಹೆಸರು, ವಿಳಾಸ, ಸನ್ನದಿನ ವಿವರ, ವಿದ್ಯಾರ್ಹತೆ, ನಡೆಸುವ ಕೆಲಸದ ಕ್ಷೇತ್ರ ಇಷ್ಟನ್ನು ಜಾಲತಾಣದಲ್ಲಿ ಹಾಕಬಹುದೆಂದರು.

ಹಾಗಾದರೆ ಹಳ್ಳಿಯಿಂದ ಬಂದ ಕಕ್ಷಿಗಾರನಿಗೆ ದಾರಿ ತೋರುತ್ತಿದ್ದವರು ಯಾರು? ಬಸ್‌ಸ್ಟ್ಯಾಂಡಿನ ಹೋಟಲಿನವನು, ಪತ್ರ ಬರೆಯುವವನು, ಕೋರ್ಟಿನ ಹುಣಿಸೆಮರದ ಕೆಳಗೆ ಸುಮ್ಮನೆ ಕುಳಿತಿರುತ್ತಿದ್ದ ಒಬ್ಬ ಸಜ್ಜನ. ಈ ಸಜ್ಜನರ ಪೈಕಿ ಕೆಲವರಿಗೆ ಕಕ್ಷಿಗಾರನ ತಲೆಯೊಂದಕ್ಕೆ ಇಷ್ಟೆಂದು ಸಲ್ಲುತ್ತಿತ್ತು. ಇಂಥವರನ್ನು ನಮ್ಮ ತಂದೆ ಹೆಸರು ಹಿಡಿದು ಗುರುತಿಸಬಲ್ಲವರಾಗಿದ್ದರು. ದಲ್ಲಾಳಿಗಳ ಪಟ್ಟಿ ಮಾಡಿ ನ್ಯಾಯಾಲಯದಲ್ಲಿ ತೂಗುಹಾಕಲು 1879ರ ಕಾನೂನಿನಲ್ಲೇ ಅವಕಾಶವಿತ್ತು. 2023ರಲ್ಲಿ ಸಂಸತ್ತು ಅದನ್ನು ವಕೀಲರ ಕಾಯಿದೆಯೊಳಕ್ಕೆ ತಂದಿತು.

ದಲ್ಲಾಳಿಯ ತಪ್ಪೇನು? ಅವನು ತೋರಿಸಿದ ವಕೀಲರು ಸಮರ್ಥರೇ ಇರಬಹುದು. ಅವನು ಹೇಳಿದ್ದೆಲ್ಲ ನಿಜವೇ ಇರಬಹುದು. ಆದರೆ ಕೇಳಿದವನು ‘ಈತ ಯಾರ ಪರವೂ ಅಲ್ಲ, ಕಂಡದ್ದನ್ನು ಹೇಳುತ್ತಿದ್ದಾನೆ’ ಎಂದು ನಂಬಿರುತ್ತಾನೆ. ಮೋಸವಿರುವುದು ಮಾತಿನಲ್ಲಲ್ಲ, ಆ ನಂಬಿಕೆಯಲ್ಲಿ.

ಜಾಹೀರಾತಿಗಾದರೂ ಒಂದು ಮುಖವಿರುತ್ತದೆ. 1976ರಲ್ಲಿ ಅರಿಝೋನದ ಫೀನಿಕ್ಸ್ ನಗರದಲ್ಲಿ ಬೇಟ್ಸ್ ಮತ್ತು ಒಸ್ಟೀನ್ ಎಂಬ ಇಬ್ಬರು ತರುಣ ವಕೀಲರು ತಕರಾರಿಲ್ಲದ ವಿಚ್ಛೇದನೆ ಮೊದಲಾದವಕ್ಕೆ ಇಷ್ಟಿಷ್ಟು ಫೀಜೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ವೃತ್ತಿಯ ಹಿರಿಯರು ಕೆರಳಿದರು. ಮರುವರ್ಷ ಅಲ್ಲಿಯ ಸುಪ್ರೀಂ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ಇಂಥ ಜಾಹೀರಾತನ್ನು ಸಾರಾಸಗಟಾಗಿ ನಿಷೇಧಿಸಲಾಗದೆಂದು ತೀರ್ಪಿತ್ತಿತು. ನನಗೇನೋ ಆ ತೀರ್ಪು ಸರಿಯೆಂದೇ ತೋರುತ್ತದೆ. ಬಡವನಿಗೆ ಫೀಜು ಎಷ್ಟೆಂದು ಮೊದಲೇ ತಿಳಿಯುವುದರಲ್ಲಿ ಏನು ಅಗೌರವ? ಅದನ್ನು ಓದಿದವನಿಗೆ ಇದು ಜಾಹೀರಾತೆಂದು ಗೊತ್ತಿತ್ತು. ಯಂತ್ರದ ಉತ್ತರದಲ್ಲಿ ಆ ಗುರುತು ಅಳಿಸಿಹೋಗುತ್ತದೆ. ಯಂತ್ರ ದಲ್ಲಾಳಿಯ ಹಾಗೆ ತಲೆಗಿಷ್ಟೆಂದು ಈಸಿಕೊಂಡಿಲ್ಲ, ನಿಜ. ಆದರೆ ಅದರ ಕಿವಿಯಲ್ಲಿ ಯಾರು ಏನನ್ನು ಉಸುರಿದ್ದಾರೆಂಬುದು ಕೇಳುವವನಿಗೆ ಗೊತ್ತಾಗುವುದಿಲ್ಲ.

ಇದನ್ನು ಹೇಳಿದಾಗ ಅವಳು ಒಪ್ಪಲಿಲ್ಲ. “ನಾವು ಬರೆಯದಿದ್ದರೆ ಯಂತ್ರ ಬಾಯಿ ಮುಚ್ಚಿಕೊಂಡು ಇರುತ್ತಾ ಸಾರ್? ಬಾಯಿಗೆ ಬಂದದ್ದು ಹೇಳುತ್ತೆ” ಎಂದಳು. ಅವಳ ಮಾತೂ ಸುಳ್ಳಲ್ಲ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹೇಳಿತೆಂದು, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು 5,000 ಡಾಲರು ದಂಡ ತೆತ್ತರು. ಕಾನೂನು ಬಲ್ಲವರ ಗತಿಯೇ ಇದಾದರೆ, ಆಸ್ಪತ್ರೆಯ ಮಂಚದ ಮೇಲಿರುವವನ ಪಾಡೇನು? ‘2 ವರ್ಷದೊಳಗೆ’ ಎಂಬ ಸರಿಯಾದ ಮಾತು ಅವನ ಕಿವಿಗೆ ಬಿದ್ದರೆ, ಅದು ಯಾರ ಲಾಭಕ್ಕೆ ಬರೆದದ್ದಾದರೂ ಅವನಿಗೆ ಉಪಕಾರವೇ.

ಆಮೇಲೆ ಅವಳು ಇನ್ನೊಂದು ಸಂಗತಿಯನ್ನು ಹೇಳಿದಳು. ಅದು ನನಗೇ ನಾಟಿತು. 2023ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ಮೊದಲಾದ ಕಡೆಯ ಸಂಶೋಧಕರು, ಪುಟದಲ್ಲಿ ಏನಿದ್ದರೆ ಇಂಥ ಯಂತ್ರ ಅದನ್ನು ಹೆಚ್ಚಾಗಿ ಎತ್ತಿಕೊಳ್ಳುತ್ತದೆಂದು ಪರೀಕ್ಷಿಸಿ ಪ್ರಬಂಧವೊಂದನ್ನು ಹೊರತಂದರಂತೆ. ಒಂದೇ ಪದವನ್ನು ಮತ್ತೆ ಮತ್ತೆ ತುರುಕುವ ಹಳೆಯ ಉಪಾಯ ಫಲಿಸಲಿಲ್ಲ. ಫಲಿಸಿದ್ದು ಆಧಾರಗಳನ್ನು ಕೊಡುವುದು, ಬಲ್ಲವರ ಮಾತುಗಳನ್ನು ಉದ್ಧರಿಸುವುದು, ಅಂಕಿಸಂಖ್ಯೆಗಳನ್ನು ಸೇರಿಸುವುದು. ಇವುಗಳಿಂದ ಪುಟ ಕಣ್ಣಿಗೆ ಬೀಳುವ ಪ್ರಮಾಣ ಶೇಕಡಾ 40ರವರೆಗೂ ಏರಿತಂತೆ.

ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನು ಬೋಧಿಸುತ್ತ ಬಂದಿರುವುದು ಇದನ್ನೇ. ಆಧಾರವಿಲ್ಲದೆ ಬರೆಯಬೇಡಿ, ಯಾರ ಮಾತೆಂದು ಹೇಳಿ. ವಿದ್ವತ್ತಿನ ಶೀಲವೆಂದು ನಾನು ತಿಳಿದದ್ದು ಅಲ್ಲಿ ಅಂಗಡಿಯ ದೀಪಾಲಂಕಾರವಾಗಿತ್ತು. ಸಿಟ್ಟು ಬಂತು. ಆದರೆ ಸಿಟ್ಟಾಗಲು ನಾನು ಯಾರು? 2010ರಲ್ಲಿ ಯು.ಜಿ.ಸಿ. ಬಡ್ತಿಗೆ ಅಂಕಗಳ ಲೆಕ್ಕವನ್ನು ತಂದ ಮೇಲೆ ನಾನು ಬರೆದ ಲೇಖನಗಳಲ್ಲಿ ಕೆಲವಕ್ಕೆ ಹೇಳಬೇಕಾದ ಮಾತೇ ಇರಲಿಲ್ಲ. ಎಣಿಸುವವರು ಎಣಿಸಲೆಂದೇ ಅವುಗಳನ್ನು ಬರೆದೆ. ಪುಟದಡಿಯ ಟಿಪ್ಪಣಿಗಳಲ್ಲಿ ನಾನು ಬೆನ್ನಿನ ಮೇಲಣ ಹೆಸರನ್ನಷ್ಟೇ ಓದಿದ ಪುಸ್ತಕಗಳೂ ಉಂಟು. ಈ ಹುಡುಗಿ ತಾನು ನೋಡದ ಕಾನೂನನ್ನು ಉದ್ಧರಿಸುವುದಿಲ್ಲ. ಇಬ್ಬರಲ್ಲಿ ಯಾರು ಯಾರಿಗೆ ಬುದ್ಧಿ ಹೇಳಬೇಕಾದದ್ದು?

ಕಾಫಿ ಮುಗಿಯಿತು. ಅವಳು ಎದ್ದವಳು ಮತ್ತೆ ಕುಳಿತಳು. ಅವಳು ಬಂದದ್ದು ನಿಜವಾಗಿ ಈ ಮಾತಿಗೇ ಎಂದು ಕಾಣುತ್ತದೆ.

ಒಂದು ಪುಟದಲ್ಲಿ ಅವಳು ತನ್ನಷ್ಟಕ್ಕೆ ತಾನೇ ಒಂದು ವಾಕ್ಯ ಸೇರಿಸಿದ್ದಳಂತೆ: ‘ನಿಮಗೆ ಪೆಟ್ಟಾಗದೆ ಕಾರಿಗೆ ಮಾತ್ರ ಜಖಂ ಆಗಿದ್ದು, ಕೇಳುವ ಮೊತ್ತ 20,000 ಡಾಲರು ಮೀರದಿದ್ದರೆ, ಜಸ್ಟಿಸ್ ಕೋರ್ಟಿಗೆ ನೀವೇ ಹೋಗಬಹುದು, ವಕೀಲರು ಬೇಕೇ ಬೇಕೆಂದಿಲ್ಲ.’ ಟೆಕ್ಸಾಸಿನ ಕಾನೂನು ಹಾಗೇ ಇದೆ. ವಕೀಲರ ಹಣದಿಂದ ನಡೆಯುವ ಪುಟದಲ್ಲಿ ವಕೀಲ ಬೇಡವೆಂಬ ಮಾತು! ಮೇಲಿನವರು ಹೊಡೆದುಹಾಕುತ್ತಾರೆ, ಬೈಯುತ್ತಾರೆ ಎಂದು ಅವಳು ಕಾದಿದ್ದಳು.

“ಅವರು ಹೊಗಳಿದರು ಸಾರ್. ಇಂಥ ವಾಕ್ಯ ಇದ್ದರೆ ಯಂತ್ರಕ್ಕೆ ನಮ್ಮ ಮೇಲೆ ನಂಬಿಕೆ ಹೆಚ್ಚು, ಇನ್ನು ಮೇಲೆ ಎಲ್ಲ ಪುಟದಲ್ಲೂ ಒಂದೊಂದು ಹಾಕು ಅಂದರು. ಆವತ್ತಿನಿಂದ ಅದು ನನ್ನ ವಾಕ್ಯ ಅಂತಲೇ ಅನ್ನಿಸುತ್ತಿಲ್ಲ.”

ಗಿರಾಕಿ ಬಿಟ್ಟುಹೋಗದಿರಲೆಂದು ಸರಿಯಾದ ಬೆಲೆ ಹೇಳುವ ವ್ಯಾಪಾರಿಯ ನಡತೆಯಲ್ಲಿ ದೋಷವಿಲ್ಲ, ಆದರೆ ನೈತಿಕವಾದ ಬೆಲೆಯೂ ಇಲ್ಲ ಎಂದು 1785ರಲ್ಲಿ ಕಾಂಟ್ ಬರೆದಿದ್ದಾನೆ. ಅವಳಿಗೆ ಅದನ್ನು ಹೇಳಹೊರಟು ನಿಲ್ಲಿಸಿದೆ. ವ್ಯಾಪಾರಿ ಯಾಕೆ ಪ್ರಾಮಾಣಿಕನಾದನೆಂಬುದು ಕಾಂಟನಿಗೆ ಮುಖ್ಯ. ಅಂಗಡಿಗೆ ಬಂದ ಮಗುವಿಗೆ ಚಿಲ್ಲರೆ ಸರಿಯಾಗಿ ಸಿಕ್ಕಿತೇ ಎಂಬುದು ಮಗುವಿನ ತಾಯಿಗೆ ಮುಖ್ಯ.

“ಅಳಿಸಬೇಡಮ್ಮ” ಎಂದೆ. “ಆದರೆ ಎಲ್ಲ ಪುಟದಲ್ಲೂ ಅದು ನಿಜವೇ?”

“ಅದೇ ಸಾರ್ ಬಂದಿರುವ ಕಷ್ಟ. ಲಾರಿ ಹೊಡೆದು ಬೆನ್ನುಮೂಳೆ ಮುರಿದವನ ಪುಟಕ್ಕೂ ಒಂದು ಹಾಕು ಅಂತಾರೆ. ಅವನಿಗೆ ವಕೀಲ ಬೇಡ ಅನ್ನೋದಕ್ಕೆ ಆಗುತ್ತಾ? ಅದನ್ನು ನಂಬಿ ಅವನು ಒಬ್ಬನೇ ಹೋದರೆ?”

“ಏನು ಮಾಡಿದೆ?”

“ಇನ್ನೂ ಹಾಕಿಲ್ಲ. ನಾಳೆ ಕೇಳುತ್ತಾರೆ.”

ಅವಳನ್ನು ಬಸ್ಸಿನವರೆಗೆ ಬಿಟ್ಟುಬಂದೆ. ದಾರಿಯಲ್ಲಿ ತಮ್ಮನ ಕಾಲೇಜಿನ ಫೀಜಿನ ಮಾತನ್ನೇ ಆಡುತ್ತಿದ್ದಳು.